ಮೂರನೇ ಪುಟದ ಚಹಾ ಕಪ್ಪು

ತಂಗಿ,

ಪತ್ರದಲ್ಲಿ ನನ್ನನ್ನು ಅಣ್ಣಾವ್ರೇ ಎಂದು ಕರೆದಿದ್ದೀರಿ. ಹಾಗಾಗಿ ತಂಗಿ ಅಂತಲೇ ಶುರು ಮಾಡುತ್ತೇನೆ. ಗುಳೇದಗುಡ್ಡದಿಂದ ನೀವು ಕಳಿಸಿದ ಕಥೆ ಸಿಕ್ಕಿತು. ಎರಡು ಸಲ ಓದಿದೆ, ಒಮ್ಮೆ ಬೆಳಗಾವಿಯ ಕಚೇರಿಯಲ್ಲಿ, ಇನ್ನೊಮ್ಮೆ ರಾತ್ರಿ ಮನೆಯಲ್ಲಿ. ನಮ್ಮ ಪತ್ರಿಕೆಯ ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ಬೇಡವಾದರೆ ಯಾಕೆ ಬೇಡ ಅಂತ ಮುಲಾಜಿಲ್ಲದೆ ಬರೆಯಿರಿ ಎಂದಿದ್ದಿರಿ. ಬರೆಯುತ್ತಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡಿ.

ನಿಮ್ಮ ಕಥೆಯಲ್ಲಿ ನಡೆಯುವುದು ಇಷ್ಟು. 1975ರ ಸುಮಾರು. ನಿಮ್ಮೂರಿನಂಥದ್ದೇ ನೇಕಾರರ ಊರು. ಸವದತ್ತಿಯಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದ ದುರಗವ್ವ, ಮಗನ ಕೈ ಹಿಡಿದು ಚರ್ಚಿನ ಬಾಗಿಲಿಗೆ ಬರುತ್ತಾಳೆ. ಪಾಸ್ಟರು ಆಸರೆ ಕೊಡುತ್ತಾರೆ. ಊರು ಎದುರು ನಿಲ್ಲುತ್ತದೆ. ಪಾಸ್ಟರ ಒಂದು ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಕೇಳಿ ಊರೇ ಕರಗುತ್ತದೆ. ಕೊನೆಗೆ ಪಾಸ್ಟರು, ಮಠದ ಸ್ವಾಮಿಗಳು, ಮೌಲ್ವಿ ಮೂವರೂ ಕೂಡಿ ಒಂದು ಬೇವಿನ ಸಸಿ ನೆಡುತ್ತಾರೆ.

ಹನ್ನೆರಡು ಪುಟದಲ್ಲಿ ದುರಗವ್ವ ಎಷ್ಟು ಸಲ ಬಾಯಿ ಬಿಡುತ್ತಾಳೆ ಅಂತ ಎಣಿಸಿದೆ. ನಾಲ್ಕು ಸಲ. ಅದರಲ್ಲಿ ಮೂರು ಸಲ "ನೀವು ದೇವರಂಥವರು" ಅನ್ನುತ್ತಾಳೆ. ಪಾಸ್ಟರು ಒಳ್ಳೆಯವರು ಅಂತ ಓದುಗರಿಗೆ ಗೊತ್ತಾಗಲಿ ಅಂತ ಅವಳನ್ನು ಕರೆಸಿದ್ದೀರಿ, ಅಷ್ಟೇ ಅಲ್ವಾ? ಶೋಷಿತರ ಬಗ್ಗೆ ಕರುಣೆಯ ಕಥೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಕರುಣೆ ಬೇಕಾದಷ್ಟಿದೆ. ದುರಗವ್ವನೇ ಕಮ್ಮಿ.

ನಾಲ್ಕನೇ ಮಾತು ಬೇರೆ. ಅದು ಮೂರನೇ ಪುಟದಲ್ಲಿದೆ. ಪಾಸ್ಟರ ತಾಯಿ ಅವಳಿಗೆ ಚಹಾ ಕೊಡುತ್ತಾರೆ. ಮನೆಯವರಿಗೆ ಕಪ್ಪು-ಬಸಿ. ಅವಳಿಗೆ ಕಿವಿ ಮುರಿದ ಒಂದು ಕಪ್ಪು, ಕಿಟಕಿಯ ಕಟ್ಟೆಯಿಂದ ತೆಗೆದದ್ದು. ಅವಳು ಕುಡಿಯುತ್ತಾಳೆ, ಹಿತ್ತಲಲ್ಲಿ ತೊಳೆಯುತ್ತಾಳೆ, ತಂದು ಕೇಳುತ್ತಾಳೆ: "ಇಲ್ಲೇ ಇಡ್ಲೇನ್ರೀ?" ತಾಯಿ ಏನೂ ಅನ್ನುವುದಿಲ್ಲ. ಮರುಸಾಲಿಗೇ ನೀವು "ಆಗ ಚರ್ಚಿನ ಗಂಟೆ ಮೊಳಗಿತು" ಎಂದು ಬರೆದು ಅಲ್ಲಿಂದ ಓಡಿದ್ದೀರಿ.

ಯಾಕೆ ಓಡಿದಿರಿ? ಉಳಿದ ಹನ್ನೊಂದು ಪುಟ ಎಲ್ಲೋ ಕೇಳಿದ್ದು, ಓದಿದ್ದು. ಈ ಕಪ್ಪನ್ನು ಮಾತ್ರ ನೀವು ಕಣ್ಣಾರೆ ಕಂಡಿದ್ದೀರಿ, ಇಲ್ಲಾ ಮನೆಯ ಹಿರಿಯರ ಬಾಯಿಂದ ಕೇಳಿದ್ದೀರಿ. ದಿನಾ ಬೆಳಗ್ಗೆ ಬೈಬಲ್ ಓದುವ ಮನೆ. ಜಾತಿ ಬಿಟ್ಟೇ ಒಳಗೆ ಬರಬೇಕು ಎಂದು ಪಟ್ಟು ಹಿಡಿದ ಬಾಸೆಲ್ ಮಿಷನ್ನಿನವರು ಕಟ್ಟಿದ ಸಭೆ. ಆ ಮನೆಯ ಕಿಟಕಿಯಲ್ಲೂ ಒಂದು ಬೇರೆ ಕಪ್ಪು ಇತ್ತು. ನಮ್ಮವರ ಮನೆಯ ಮಾತು ಹೊರಗೆ ಹೋಗುತ್ತದಲ್ಲಾ ಅಂತ ಹಿಂಜರಿದಿರೇನೋ. ಆದರೆ ಆ ತಾಯಿಯನ್ನು ನೀವು ಕೆಟ್ಟವಳನ್ನಾಗಿ ಮಾಡಿಲ್ಲ. ಎರಡು ಚಮಚ ಸಕ್ಕರೆ ಹಾಕಿ ಕೊಟ್ಟಳು ಎಂದಿದ್ದೀರಿ. ಸಕ್ಕರೆ ಹಾಕಿದ್ದೂ ಅದೇ ಕೈ, ಬೇರೆ ಕಪ್ಪು ತೆಗೆದದ್ದೂ ಅದೇ ಕೈ. ನನಗೆ ಬೇಕಾದ ಕಥೆ ಅಲ್ಲಿದೆ.

ಈಗ ಪ್ರಸಂಗಕ್ಕೆ ಬರೋಣ. ಎರಡೂವರೆ ಪುಟ, ಒಳ್ಳೆಯ ಸಮಾರ್ಯದವನ ಬಗ್ಗೆ. ಬೈಬಲ್ಲಿನಲ್ಲಿ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯವನ್ನು ಸುಮ್ನೆ ಕಥೆಗಾರ್ತಿಯಾಗಿ ಇನ್ನೊಮ್ಮೆ ಓದಿ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿ, ಪೆಟ್ಟು ತಿಂದು ಬಿದ್ದವನು, ಮುಖ ತಿರುಗಿಸಿ ಹೋದ ಯಾಜಕ ಮತ್ತು ದೇವಾಲಯದ ಸೇವೆಯವನಾದ ಲೇವಿಯ. ಆಮೇಲೆ ಬಂದ ಸಮಾರ್ಯದವನಿಗೆ ಕನಿಕರ ಬಂತು ಅಂತ ಒಂದೇ ಮಾತಿದೆ. ಉಳಿದದ್ದೆಲ್ಲ ಕೈಕೆಲಸ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ. ಬಟ್ಟೆಯ ಪಟ್ಟಿ. ತನ್ನ ಪ್ರಾಣಿಯ ಮೇಲೆ ಹತ್ತಿಸಿದ್ದು. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ, ಅಂದರೆ ಎರಡು ದಿನದ ಕೂಲಿ. ಹೆಚ್ಚಿಗೆ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅನ್ನುತ್ತಾನೆ. ಉದ್ರಿ ಹಚ್ಚಿ ಹೋದ, ನೋಡಿ! ಆ ಉದ್ರಿ ಮಾತಿಗೇ ನನಗೆ ಅವನ ಮೇಲೆ ನಂಬಿಕೆ ಬರುವುದು. ನಿಮ್ಮ ಪಾಸ್ಟರು ಎರಡೂವರೆ ಪುಟದಲ್ಲಿ "ಪ್ರೀತಿ" ಅನ್ನುವ ಪದವನ್ನು ಹತ್ತೊಂಬತ್ತು ಸಲ ಹೇಳುತ್ತಾರೆ.

ಇನ್ನೂ ಒಂದು ಮಾತಿದೆ. ಸಮಾರ್ಯದವನು ಯಾರು? ಯೆಹೂದ್ಯರ ಯೆರೂಸಲೇಮು ಬಿಟ್ಟು ಬೇರೆ ಬೆಟ್ಟದಲ್ಲಿ, ಗೆರಿಜೀಮಿನಲ್ಲಿ, ಪೂಜೆ ಮಾಡುವವನು. ಮೋಶೆಯ ಐದು ಪುಸ್ತಕ ಬಿಟ್ಟು ಬೇರೆ ಯಾವುದನ್ನೂ ಗ್ರಂಥವೆಂದು ಒಪ್ಪದವನು. ಯೇಸುವಿನ ಕಥೆಯಲ್ಲಿ ಕೊಡುವವನು ಅವನು, ಅಂದರೆ ಪರಧರ್ಮದವನು. ಪಡೆಯುವವನು, ಕಥೆ ಕೇಳುತ್ತಿದ್ದ ಯೆಹೂದ್ಯರ ಲೆಕ್ಕದಲ್ಲಿ, ನಮ್ಮವನು. ನಿಮ್ಮ ಕಥೆಯಲ್ಲಿ ಇದು ತಿರುಗಾಮುರುಗಾ ಆಗಿದೆ. ಕೊಡುವವರು ಪಾಸ್ಟರೊಬ್ಬರೇ. ಸ್ವಾಮಿಗಳೂ ಮೌಲ್ವಿಯೂ ಸಸಿ ನೆಡುವ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಫೋಟೊಕ್ಕೆ ನಿಂತ ಹಾಗೆ.

ಯೋಹಾನನ ನಾಲ್ಕನೇ ಅಧ್ಯಾಯವನ್ನೂ ತೆಗೆಯಿರಿ. ಮಟಮಟ ಮಧ್ಯಾಹ್ನ, ಬಾವಿಯ ಹತ್ತಿರ ಯೇಸು ಸಮಾರ್ಯದ ಹೆಂಗಸನ್ನು ನೀರು ಕೇಳುತ್ತಾನೆ. ನೀವು ಯೆಹೂದ್ಯರು, ನನ್ನನ್ನು ಕೇಳುತ್ತೀರಾ ಎಂದು ಅವಳಿಗೆ ಆಶ್ಚರ್ಯ. ಸೇದುವುದಕ್ಕೆ ನಿಮ್ಮ ಹತ್ತಿರ ಏನೂ ಇಲ್ಲವಲ್ಲ ಅಂತಲೂ ಅನ್ನುತ್ತಾಳೆ. ಅಂದರೆ ಕುಡಿಯುವುದಿದ್ದರೆ ಅವಳ ಕೊಡದಿಂದಲೇ ಕುಡಿಯಬೇಕು. ನಿಮ್ಮ ಪಾಸ್ಟರು ಆ ಭಾನುವಾರ ಈ ಅಧ್ಯಾಯ ಓದಿದ್ದರೆ? ಅವರ ತಾಯಿ ಯಾವ ಸಾಲಿನಲ್ಲಿ ಕೂತಿರುತ್ತಿದ್ದರು? ದುರಗವ್ವ ಎಲ್ಲಿ? (ಕಥೆ ನಾನೇ ಬರೆದುಕೊಡುತ್ತಿದ್ದೇನೆ ಅನ್ನಿಸುತ್ತಿದೆ. ಸಂಪಾದಕರಿಗೆ ಇದೊಂದು ಕೆಟ್ಟ ಚಟ. ಬೇಡವಾದರೆ ಬಿಡಿ.)

ಸಸಿಯ ದೃಶ್ಯ ಪೂರ್ತಿ ತೆಗೆಯಿರಿ. ನಮ್ಮ ಕಡೆ ಧರ್ಮಗಳು ಹಾಗೆ ವೇದಿಕೆ ಹತ್ತಿ ಕೂಡುವುದಿಲ್ಲ. ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಯಲ್ಲೂ ಮೊಹರಂಗೆ ಪಂಜಾ ಕೂರಿಸುತ್ತಾರೆ, ಹರಕೆ ಹೊರುತ್ತಾರೆ, ಅದಕ್ಕೆ ಯಾರೂ ಸೌಹಾರ್ದ ಅಂತ ಹೆಸರಿಡುವುದಿಲ್ಲ. ನಮ್ಮ ಜಿಲ್ಲೆಯ ದೇಶನೂರಿಗೆ ಒಮ್ಮೆ ಹೋಗಿ ಬನ್ನಿ. ಯೇಸುಸಭೆಯ (ಜೆಸ್ವಿಟ್) ಕ್ಯಾಥೊಲಿಕ್ ಗುರುಗಳು ಅಲ್ಲಿ ಕಾವಿ ತೊಟ್ಟು ವಿರಕ್ತ ಮಠವನ್ನೇ ಕಟ್ಟಿಕೊಂಡಿದ್ದಾರೆ. ಹೆಸರು ಸ್ನಾನಿಕ ಅರುಳಪ್ಪನವರ ಮಠ. ಸ್ನಾನಿಕ ಅರುಳಪ್ಪ ಅಂದರೆ ನೀವು ಪ್ರೊಟೆಸ್ಟೆಂಟರು ಸ್ನಾನಿಕ ಯೋಹಾನ ಅನ್ನುತ್ತೀರಲ್ಲ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದವನು, ಅವನೇ. ಇದು ವೇಷವೋ ನಂಟೋ ಎಂದು ಕೇಳುವವರು ಇರುತ್ತಾರೆ, ಚರ್ಚಿನ ಒಳಗೂ ಹೊರಗೂ. ಆ ಅನುಮಾನಕ್ಕೂ ಕಥೆಯಲ್ಲಿ ಜಾಗ ಬೇಕು. ನಿಮ್ಮ ಸ್ವಾಮಿಗಳು ಒಂದು ಸಲವಾದರೂ ಪಾಸ್ಟರನ್ನು ಪಕ್ಕಕ್ಕೆ ಕರೆದು "ಈಕೀನ ನಿಮ್ಮ ಧರ್ಮಕ್ಕ ಸೇರಿಸಾಕ ಇಟಗೊಂಡೀರೇನ್ರಿ?" ಅಂತ ಕೇಳಬೇಡವೇ? ಪಾಸ್ಟರ ಹತ್ತಿರ ಅದಕ್ಕೆ ಥಟ್ಟಂತ ಉತ್ತರ ಇರಬಾರದು.

ಸಣ್ಣಪುಟ್ಟ ತಪ್ಪುಗಳು. 1975ರ ಪೊಲೀಸರು ಕರ್ನಾಟಕದ ದೇವದಾಸಿ ಕಾಯ್ದೆ ಹೇಳಿ ಗದರಿಸುತ್ತಾರೆ. ಅದು ಬಂದದ್ದೇ 1982ರಲ್ಲಿ. ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿ ಒಂದು ಕಾಯ್ದೆ ಆಗಿತ್ತು, ಬೇಕಾದರೆ ಅದನ್ನು ತನ್ನಿ. ಮಿಷನ್ನಿನವರು ಗುಳೇದಗುಡ್ಡಕ್ಕೆ 1851ರಲ್ಲಿ ಬಂದರು ಎಂದದ್ದು ಸರಿ. ಆದರೆ ಆ ಚರಿತ್ರೆಗೆ ಮುಕ್ಕಾಲು ಪುಟ ಬೇಡ, ಒಂದು ಸಾಲು ಸಾಕು. ಅದೇ ಮಿಷನ್ನಿನ ಕಿಟೆಲ್ ಮಾಡಿದ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನಲ್ಲಿ, ನಿಮ್ಮೂರಲ್ಲಿ ಅಲ್ಲ. ಕಿಟೆಲ್ ಬೇಕೇ ಬೇಕೆಂದರೆ ಇದನ್ನು ನೆನೆಯಿರಿ: ಆತ 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಕೂರಿಸಿದ. ಜರ್ಮನಿಯವನು ನಮ್ಮ ತಾಳ ಕಲಿತ. ಇಲ್ಲೇ ಹುಟ್ಟಿದ ನಿಮ್ಮ ಪಾಸ್ಟರು ಮಾತ್ರ ಹಾಲು ಮಾರುವವನ ಜೊತೆಗೂ ಬೈಬಲ್ ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ದೃಶ್ಯ ನೀವು ಬರೆದಿಲ್ಲ, ಆದರೆ ಬರೆಯಲೇಬೇಕು. ಹತ್ತನೇ ಪುಟದಲ್ಲಿ ದುರಗವ್ವನ ಮಗನಿಗೆ ದೀಕ್ಷಾಸ್ನಾನ ಆಗುತ್ತದೆ, ಅಂದರೆ ಅವನು ಕ್ರೈಸ್ತನಾಗುತ್ತಾನೆ. ಎಲ್ಲರ ಕಣ್ಣಲ್ಲೂ ನೀರು. ಸರಿ, ಮರುದಿನ ಏನಾಯಿತು? ಅವನು ಪರಿಶಿಷ್ಟ ಜಾತಿಯವನು ಎಂದು ನನ್ನ ಊಹೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಿಗೆ ಮಾತ್ರ ಆ ಪಟ್ಟಿ. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು. ಕ್ರೈಸ್ತರಾದ ದಲಿತರು ಇವತ್ತಿಗೂ ಹೊರಗೇ. ಅಂದರೆ ಆ ಹುಡುಗನಿಗೆ ಚರ್ಚಿನ ದಫ್ತರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇರಬಹುದು. ಫೀ ಮಾಫಿಯ ಅರ್ಜಿ ತುಂಬುವಾಗ ಯಾವುದನ್ನು ಬರೆಯಬೇಕು? ದುರಗವ್ವನಿಗೆ ಓದಲು ಬರುವುದಿಲ್ಲ. ಪಾಸ್ಟರನ್ನೇ ಕೇಳುತ್ತಾಳೆ. ಆಗ ಅವರು ಏನು ಹೇಳುತ್ತಾರೆ ಎಂದು ನನಗೂ ಕುತೂಹಲ.

ಹನ್ನೆರಡು ಪುಟ ಆರಾದರೆ ನನಗೆ ಸಂತೋಷ. ಅವಸರ ಬೇಡ, ಮಳೆಗಾಲ ಮುಗಿದ ಮೇಲೆ ಕಳಿಸಿದರೂ ಆದೀತು. ಹಸ್ತಪ್ರತಿ ಇದರ ಜೊತೆಗಿದೆ. ಕಪ್ಪಿನ ಸಾಲುಗಳ ಪಕ್ಕ ಪೆನ್ಸಿಲ್‌ನಲ್ಲಿ ಗೀಟು ಹಾಕಿದ್ದೇನೆ. ಅಂದಹಾಗೆ ಅದು ಯಾವ ಬಣ್ಣದ್ದು? ನೀವು ಬರೆದಿಲ್ಲ.