ತಲೆಗೆ ಪೆಟ್ಟಾದ ಮೇಲೆ ಕುರ್ಚಿ ಬಿಟ್ಟು ಏಳದ ತಂದೆಯವರನ್ನು ಓಡಾಡುವಂತೆ ಮಾಡುವುದು ಹೇಗೆ?

ನಿಮ್ಮ ತಂದೆಯವರಿಗೆ 72 ವರ್ಷ. ಐದು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ್ದ ರಕ್ತವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಈಗ ಕೈಕಾಲುಗಳಲ್ಲಿ ಶಕ್ತಿ ಇದೆ, ವೈದ್ಯರೂ ನಡೆಯಲು ಹೇಳಿದ್ದಾರೆ, ಆದರೂ ಬೆಳಿಗ್ಗೆ ಕುಳಿತ ಕುರ್ಚಿಯಿಂದ ಮಧ್ಯಾಹ್ನದ ಊಟದವರೆಗೆ ಏಳುವುದಿಲ್ಲ, ಒತ್ತಾಯಿಸಿದರೆ ರೇಗುತ್ತಾರೆ ಎಂದು ಬರೆದಿದ್ದೀರಿ. ಅಷ್ಟು ಚುರುಕಾಗಿದ್ದವರು ಹೀಗೇಕೆ ಸೋಮಾರಿಯಾದರು ಎಂದೂ ಕೇಳಿದ್ದೀರಿ. ಮಿದುಳು, ನರಗಳ ತೊಂದರೆಯಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರ ಮನೆಗಳಿಗೆ ಹಲವು ವರ್ಷಗಳಿಂದ ಹೋಗಿಬರುತ್ತಿರುವ ಫಿಸಿಯೋಥೆರಪಿಸ್ಟ್ ನಾನು. ಈ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ನೀವು ಕೊಟ್ಟುಕೊಳ್ಳುವ ಉತ್ತರದ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಒಂದು ಕೆಲಸ ಮಾಡಬೇಕೆಂದು ತಿಳಿಯುವುದು ಬೇರೆ, ಅದನ್ನು ಶುರು ಮಾಡುವುದು ಬೇರೆ. ಶುರು ಮಾಡಿಸುವ ಹೊಣೆ ಬಹುಮಟ್ಟಿಗೆ ಮಿದುಳಿನ ಮುಂಭಾಗದ್ದು, ಮತ್ತು ತಲೆಗೆ ಪೆಟ್ಟು ಬಿದ್ದಾಗ ಬಹಳ ಸಲ ಘಾಸಿಯಾಗುವುದೂ ಆ ಭಾಗವೇ. ಹಾಗಾದವರಿಗೆ ಕಾಲು ನಡೆಯಬಲ್ಲದು, ನಡೆಯುವುದು ಒಳ್ಳೆಯದೆಂಬ ಅರಿವೂ ಇರುತ್ತದೆ, ಆದರೆ 'ಈಗ ಏಳು' ಎಂಬ ಒಳಗಿನ ಕರೆ ಹುಟ್ಟುವುದಿಲ್ಲ. ಕೆಲವರಿಗೆ ತಮ್ಮಲ್ಲಿ ಆಗಿರುವ ಬದಲಾವಣೆಯೇ ಗೋಚರಿಸದ ಕಾರಣ 'ನನಗೇನೂ ಆಗಿಲ್ಲ' ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಇಂಥವರಿಗೆ ಉಪದೇಶ ನಾಟುವುದಿಲ್ಲ. ಒಳಗೆ ಹುಟ್ಟದ ಆ ಕರೆಯನ್ನು ಹೊರಗಿನಿಂದ ನಾವು ಒದಗಿಸಿಕೊಡಬೇಕಾಗುತ್ತದೆ.

ಅದಕ್ಕೂ ಮೊದಲು ಏಳದಿರಲು ಬೇರೆ ಕಾರಣವಿದೆಯೇ ಎಂದು ನೋಡಿ. ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಏಳುವಾಗ ಅವರಿಗೆ ಕಣ್ಣು ಕತ್ತಲೆ ಬರುತ್ತಿರಬಹುದು, ಮಾತ್ರೆಗಳ ಪ್ರಮಾಣವನ್ನು ವೈದ್ಯರು ಮತ್ತೊಮ್ಮೆ ನೋಡಬೇಕಾಗಬಹುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವು ಕ್ಷಣ ಮನೆಯೇ ತಿರುಗಿದಂತಾಗುತ್ತದೆಯೇ ಎಂದು ಕೇಳಿ. ತಲೆಗೆ ಪೆಟ್ಟಾದ ಮೇಲೆ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿ ಇಂಥ ತಲೆಸುತ್ತು ಬರುವುದು ಸಾಮಾನ್ಯ. ತಿಳಿದವರು ತಲೆಯನ್ನು ಕ್ರಮವಾಗಿ ಹೊರಳಿಸುವ ಎಪ್ಲೀ ವಿಧಾನದಿಂದ ಹಲವರಿಗೆ ಒಂದೆರಡು ಭೇಟಿಯಲ್ಲೇ ಗುಣವಾಗುತ್ತದೆ. ಇದನ್ನು ಯಾರೂ ಕೇಳದೆ ಹೋದ ಕಾರಣಕ್ಕೆ ತಿಂಗಳುಗಟ್ಟಲೆ ಗೋಡೆ ಹಿಡಿದು ಕುಳಿತವರನ್ನು ಕಂಡು ನನಗೆ ತುಂಬ ಸಂಕಟವಾಗಿದೆ. ಖಿನ್ನತೆ, ನಿದ್ರೆಗೇಡು, ಮತ್ತೆ ಬಿದ್ದೇನೆಂಬ ಭಯ ಇವನ್ನೂ ವೈದ್ಯರ ಗಮನಕ್ಕೆ ತನ್ನಿ.

ಇನ್ನು ಏಳಿಸುವ ವಿಷಯ. 'ವಾಕಿಂಗ್ ಹೋಗಿ, ಆರೋಗ್ಯಕ್ಕೆ ಒಳ್ಳೆಯದು' ಎಂಬ ಮಾತನ್ನು ಬಿಟ್ಟುಬಿಡಿ. ನಾನು ನೋಡಿಕೊಂಡ ಒಬ್ಬ ಹಿರಿಯರು ಜೀವನವಿಡೀ ಅಡಿಕೆ ತೋಟದಲ್ಲಿ ದುಡಿದವರು. ಪೆಟ್ಟಾದ ಮೇಲೆ ಜಗುಲಿ ಇಳಿಯಲು ಒಪ್ಪುತ್ತಿರಲಿಲ್ಲ. ನಾನು ಕಲಿಸಿದ ವ್ಯಾಯಾಮಗಳನ್ನು ನಾನಿದ್ದಷ್ಟು ಹೊತ್ತು ಮಾತ್ರ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಅವರ ಸೊಸೆ ಬಂದು, 'ಮಾವ, ಪಂಪಿನ ಸದ್ದು ಯಾಕೋ ಬೇರೆಯಾಗಿ ಕೇಳಿಸುತ್ತಿದೆ, ಸ್ವಲ್ಪ ಬನ್ನಿ' ಎಂದು ಕೈ ಚಾಚಿದರು. ಅವರು ಎದ್ದು, ಆ ಕೈ ಹಿಡಿದು, ಪಂಪಿನ ಮನೆಯವರೆಗೂ ನಡೆದರು. ಮರುದಿನದಿಂದ ಅದೇ ಹೊತ್ತಿಗೆ, ಕಾಫಿ ಕುಡಿದ ಕೂಡಲೇ, ಪಂಪಿನ ಮನೆಗೆ ಹೋಗಿಬರುವುದು ಅವರ ಕೆಲಸವಾಯಿತು. ನಿಮ್ಮ ತಂದೆಯವರು ಪೆಟ್ಟಾಗುವ ಮುಂಚೆ ಯಾರೂ ಹೇಳದೆ ಏನು ಮಾಡುತ್ತಿದ್ದರು ಎಂದು ನೆನಪಿಸಿಕೊಳ್ಳಿ: ಪೂಜೆಗೆ ಹೂ ಕೊಯ್ಯುತ್ತಿದ್ದರೇ, ಹಾಲು ತರುತ್ತಿದ್ದರೇ, ಸಂಜೆ ಅರಳಿಕಟ್ಟೆಯಲ್ಲಿ ಗೆಳೆಯರೊಡನೆ ಕೂರುತ್ತಿದ್ದರೇ? ಅದರ ಒಂದು ಸಣ್ಣ ತುಂಡನ್ನು ಆರಿಸಿಕೊಂಡು, ದಿನವೂ ಒಂದೇ ಹೊತ್ತಿಗೆ, ಯಾವುದಾದರೊಂದು ಬದಲಾಗದ ಘಟನೆಯ ಬೆನ್ನಿಗೆ ಕಟ್ಟಿ. ಚಪ್ಪಲಿ, ಕನ್ನಡಕ, ಊರುಗೋಲು ಕಣ್ಣಿಗೆ ಬೀಳುವಂತಿರಲಿ. ಮಾತು ಚಿಕ್ಕದಾಗಿರಲಿ, ಹೇಳಿದ ಮೇಲೆ ಹತ್ತಿಪ್ಪತ್ತು ಸೆಕೆಂಡು ಸುಮ್ಮನೆ ಕಾಯಿರಿ, ಏಕೆಂದರೆ ಪೆಟ್ಟಾದ ಮಿದುಳಿಗೆ ಕೇಳಿದ್ದನ್ನು ಕಾರ್ಯಕ್ಕಿಳಿಸಲು ಹೊತ್ತು ಬೇಕು, ಮತ್ತು ಆ ಹೊತ್ತಿನಲ್ಲಿ ಎರಡನೆಯ ಸಲ ಹೇಳಿದರೆ ರೇಗುವುದು ಸಹಜ. 'ಬರುತ್ತೀರಾ' ಎಂದು ಕೇಳಿದರೆ 'ಇಲ್ಲ' ಎನ್ನುವುದು ಸುಲಭ. 'ಗೇಟಿನವರೆಗೆ ಹೋಗೋಣವೋ, ಮಹಡಿಗೋ' ಎಂದು ಕೇಳಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನೂ, ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ಅಭ್ಯಾಸವನ್ನೂ ಹೇಳುತ್ತದೆ. ಆ ಅಂಕಿ ನೋಡಿ ಗಾಬರಿಯಾಗಬೇಡಿ. ಸ್ವಲ್ಪವಾದರೂ ಮಾಡುವುದು ಏನೂ ಮಾಡದಿರುವುದಕ್ಕಿಂತ ಮೇಲೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಐದು ನಿಮಿಷದ ನಡಿಗೆ ದಿನಕ್ಕೆ ಮೂರು ಸಲ, ಅಷ್ಟರಿಂದ ತೊಡಗಿ. ಜೊತೆಗೆ ಊಟತಿಂಡಿಗೆ ಕೂರುವ ಮುಂಚೆ ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಿಸಿ. ತೊಡೆಯ ಬಲಕ್ಕೆ ಇದಕ್ಕಿಂತ ಸರಳವಾದ ಉಪಾಯ ನನಗೆ ಗೊತ್ತಿಲ್ಲ. 70ರಿಂದ 74ರ ವಯಸ್ಸಿನ ಗಂಡಸರು ಕೈಯೂರದೆ 30 ಸೆಕೆಂಡಿನಲ್ಲಿ 12 ಸಲವಾದರೂ ಎದ್ದು ಕೂರಬಲ್ಲವರಾದರೆ ಕಾಲಿನ ಬಲ ಸಾಕಷ್ಟಿದೆ ಎನ್ನಬಹುದು. ತಿಂಗಳಿಗೊಮ್ಮೆ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಬರೆಸಿ.

ಮಿದುಳಿನ ಪೆಟ್ಟಿನ ನಂತರದ ಆಯಾಸವು ಮೈ ದಣಿವಿನಂತಲ್ಲ. ಒಂದು ದಿನ ಉತ್ಸಾಹದಿಂದ ಹೆಚ್ಚು ನಡೆಸಿದರೆ ಮರುದಿನವೆಲ್ಲ ಮಂಕಾಗಿ ಮಲಗಿಬಿಡಬಹುದು. ಹಾಗಾದರೆ ಅಳತೆ ಮೀರಿದೆ ಎಂದು ತಿಳಿದು ಹಿಂದಿನ ಹಂತಕ್ಕೆ ಇಳಿಯಿರಿ. ನಡೆಯುವಾಗ ಮಾತನಾಡಿಸಿದರೆ ನಿಂತುಬಿಡುತ್ತಾರೆಯೇ ಎಂಬುದನ್ನೂ ಗಮನಿಸಿ. ಎರಡು ಕೆಲಸಗಳನ್ನು ಒಟ್ಟಿಗೆ ನಿಭಾಯಿಸಲು ಮಿದುಳು ಕಷ್ಟಪಡುತ್ತಿರುವುದರ ಗುರುತದು, ಅಂಥವರು ಬೀಳುವ ಸಂಭವವೂ ಹೆಚ್ಚು. ಸದ್ಯಕ್ಕೆ ಸಂತೆ, ಗದ್ದಲದ ರಸ್ತೆ ಬೇಡ, ಮೊಬೈಲ್ ಮನೆಯಲ್ಲಿರಲಿ.

ತಲೆನೋವು ದಿನದಿಂದ ದಿನಕ್ಕೆ ಹೆಚ್ಚುವುದು, ಹೊಸದಾಗಿ ತೂಕಡಿಕೆ ಅಥವಾ ಗೊಂದಲ, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವಯಸ್ಸಾದವರಲ್ಲಿ ರಕ್ತ ವಾರಗಳ ಮೇಲೆ ನಿಧಾನವಾಗಿ ಮತ್ತೆ ಸೇರಿಕೊಳ್ಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಅಪಾಯ ಹೆಚ್ಚು, ಆದರೆ ವೈದ್ಯರನ್ನು ಕೇಳದೆ ಆ ಮಾತ್ರೆಯನ್ನು ನಿಲ್ಲಿಸಲೂಬಾರದು. ತಲೆಬುರುಡೆಯ ಮೂಳೆಯನ್ನು ತೆಗೆದು ಇನ್ನೂ ಮರಳಿ ಕೂರಿಸಿಲ್ಲವಾದರೆ ನಡಿಗೆ, ವ್ಯಾಯಾಮ ಎಲ್ಲವೂ ಶಸ್ತ್ರಚಿಕಿತ್ಸಕರ ಅನುಮತಿಯ ಮೇಲೆಯೇ ಆಗಬೇಕು. ಅವರು ಬಿದ್ದ ಅದೇ ಬಚ್ಚಲುಮನೆಗೆ ಹಿಡಿಕಂಬಿಯನ್ನೂ ರಾತ್ರಿಯ ದೀಪವನ್ನೂ ಈ ವಾರವೇ ಹಾಕಿಸಿ. ಬೆಂಗಳೂರಿಗೆ ಬಂದುಹೋಗುವುದು ಸಾಧ್ಯವಿದ್ದರೆ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕಾಗಿಯೇ ಇರುವ ವಿಭಾಗದಲ್ಲಿ ಒಮ್ಮೆ ತೋರಿಸಬಹುದು.

ಅವರು ರೇಗಿದ ದಿನ ವಾದಕ್ಕಿಳಿಯದೆ ಹತ್ತು ನಿಮಿಷ ಬಿಟ್ಟು ಬನ್ನಿ. ಅವರ ಸಿಟ್ಟಿನಲ್ಲೂ ಪೆಟ್ಟಿನ ಪಾಲಿದೆ. ನಾಳೆಯ ಮಟ್ಟಿಗೆ ಬಿಪಿ ಅಳೆದು ನೋಡಿ, ಚಪ್ಪಲಿಯನ್ನು ಕುರ್ಚಿಯ ಪಕ್ಕದಲ್ಲಿಡಿ, ಕಾಫಿಯ ಲೋಟ ಕೆಳಗಿಟ್ಟ ಮೇಲೆ 'ಅಪ್ಪ, ಗೇಟಿನ ಹತ್ತಿರ ಹೂ ಬಿಟ್ಟಿದೆಯೇನೋ ನೋಡೋಣ' ಎಂದು ಕೈ ಚಾಚಿ, ಅವರು ಏಳುವವರೆಗೆ ಆ ಕೈಯನ್ನು ಹಾಗೆಯೇ ಹಿಡಿದುಕೊಂಡಿರಿ.