ಕೊನೆಗೆ ‘ಕೃಪೆ’ ಅಂತ ಹಾಕಿದರೆ ಸಾಕಾ?

ಪ್ರಶ್ನೆ: ಗೆಳೆಯರು ಸೇರಿ ಹದಿನಾಲ್ಕು ನಿಮಿಷದ ಕಿರುಚಿತ್ರ ಮಾಡಿದ್ದೇವೆ. ವಿಜಯಪುರದಿಂದ ಬಂದು ಪುಣೆಯಲ್ಲೇ ಉಳಿದುಹೋದ ಅಜ್ಜನ ಕಥೆ. ಒಂದು ಕಡೆ ಅಜ್ಜ ಟಿವಿಯಲ್ಲಿ 1974ರ ಕನ್ನಡ ಚಿತ್ರ ನೋಡುತ್ತಾ ಅಳುತ್ತಾರೆ. ಆ ತುಣುಕು ಯೂಟ್ಯೂಬ್‌ನಿಂದ ಇಳಿಸಿಕೊಂಡಿದ್ದು, ಇಪ್ಪತ್ತು ಸೆಕೆಂಡ್ ಅಷ್ಟೇ. ಕೊನೆಗೆ ‘ಕೃಪೆ’ ಅಂತ ಹಾಕಿದ್ದೇವೆ, ದುಡ್ಡೂ ಮಾಡುತ್ತಿಲ್ಲ. ಚಿತ್ರೋತ್ಸವಕ್ಕೆ ಕಳಿಸಬಹುದಾ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಹಾಗೇ ಕಳಿಸಬೇಡಿ. ಪಕ್ಕದ ಮನೆಯವರ ಸ್ಕೂಟರ್ ಕೇಳದೇ ಒಯ್ದು, ಹಿಂದೆ ಅವರ ಹೆಸರಿನ ಚೀಟಿ ಅಂಟಿಸಿದರೆ ಆಯ್ತಾ? ‘ಕೃಪೆ’ ಅಷ್ಟೇ ಕೆಲಸ ಮಾಡುತ್ತದೆ.

ಮೂವತ್ತು ಸೆಕೆಂಡಿನ ಒಳಗಿದ್ದರೆ ನಡೆಯುತ್ತೆ ಅನ್ನುವ ಮಾತು ಎಡಿಟಿಂಗ್ ರೂಮುಗಳಲ್ಲಿ ಓಡಾಡುತ್ತಲೇ ಇರುತ್ತದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ. ವಿಮರ್ಶೆ, ಸುದ್ದಿ, ಸ್ವಂತ ಅಧ್ಯಯನ ಇಂಥವಕ್ಕೆ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆ ಹಳೆಯ ಚಿತ್ರದ ಬಗ್ಗೆಯೇ ಮಾತಾಡಲು ತುಣುಕು ತೋರಿಸಿದ್ದರೆ ವಾದಕ್ಕೊಂದು ದಾರಿ ಇತ್ತು. ನಿಮ್ಮಲ್ಲಿ ಹಾಗಲ್ಲ, ಅಜ್ಜ ಅಳುವುದಕ್ಕೇ ಆ ದೃಶ್ಯ ಬೇಕಾಗಿದೆ. ಹಿಂದೆ ಸುಮ್ನೆ ಓಡುತ್ತಿತ್ತು ಅಂತಲೂ ಹೇಳೋ ಹಾಗಿಲ್ಲ, ಯಾಕೆಂದರೆ ಹಿನ್ನೆಲೆಯಲ್ಲಿ ಸುಮ್ನೆ ಕಂಡದ್ದಕ್ಕೆ ಕೊಡುವ ವಿನಾಯಿತಿ ಇರುವುದು ಪೇಂಟಿಂಗ್, ಶಿಲ್ಪದಂಥ ಕಲಾಕೃತಿಗಳಿಗೆ.

ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ನಿಮ್ಮ 1974ರ ಚಿತ್ರಕ್ಕೆ 2034ರ ಕೊನೆಯವರೆಗೂ ಮಾಲೀಕರು ಇದ್ದಾರೆ. ಅವಧಿ ಮುಗಿದ ಚಿತ್ರವೇ ಸಿಕ್ಕರೂ ಹಾಡಿನ ವಿಷಯದಲ್ಲಿ ಹುಷಾರು. ಸಾಹಿತ್ಯ, ಸಂಗೀತದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಲಾ ಕಾಲೇಜ್ ರಸ್ತೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಇದೆ, ಕೋಥ್ರೂಡ್‌ಗೆ ಹತ್ತಿರವೇ, ಅಲ್ಲೇ ಕೇಳೋಣ ಅನ್ನಿಸಬಹುದು. ಆದರೆ ಅಲ್ಲಿರುವುದು ಸಾಮಾನ್ಯವಾಗಿ ಪ್ರತಿ ಮಾತ್ರ, ಹಕ್ಕು ನಿರ್ಮಾಪಕರದ್ದು ಅಥವಾ ಅವರಿಂದ ಕೊಂಡವರದ್ದು. ಅವರನ್ನು ಹುಡುಕಿ ಕಾಗದ ಬರೆಯಿರಿ: ಯಾವ ದೃಶ್ಯ, ಎಷ್ಟು ಸೆಕೆಂಡ್, ಚಿತ್ರೋತ್ಸವಕ್ಕೆ ಮಾತ್ರವಾ ಇಲ್ಲ ಆನ್‌ಲೈನಿಗೂ ಹಾಕುತ್ತೀರಾ, ಎಷ್ಟು ವರ್ಷಕ್ಕೆ. ಉತ್ತರ ಬರಲಿಲ್ಲ ಅಂದರೆ ಒಪ್ಪಿದರು ಅಂತ ಅರ್ಥ ಅಲ್ಲ.

ನನ್ನ ಕೇಳಿದರೆ, ಆ ದೃಶ್ಯ ಮತ್ತೆ ಶೂಟ್ ಮಾಡಿ. ಟಿವಿಯ ಬೆನ್ನು ಕ್ಯಾಮೆರಾ ಕಡೆ ಇರಲಿ, ಅಜ್ಜನ ಮುಖದ ಮೇಲೆ ಅದರ ಬೆಳಕು ಆಡಲಿ, ಮಾತು ನೀವೇ ಬರೆದು ನಾಟಕ ಆಡುವ ಪರಿಚಯದವರಿಂದ ಹೇಳಿಸಿ. ನೋಡುವವರಿಗೆ ಬೇಕಿರುವುದು ಅಜ್ಜನ ಮುಖ ಅಲ್ವಾ? ಒಂದು ದಿನದ ಕೆಲಸ. ನಾನಂತೂ ಒಮ್ಮೆ ಅಮೃತತುಲ್ಯ ಅನ್ನುವ ಚಹಾದಂಗಡಿಯಲ್ಲಿ ಚಿತ್ರೀಕರಿಸಿ, ಅಂಗಡಿಯ ರೇಡಿಯೊ ಹಾಡು ಮಾತಿನ ಜೊತೆ ಅಂಟಿಕೊಂಡುಬಿಟ್ಟು, ಇಡೀ ದೃಶ್ಯ ಡಬ್ ಮಾಡಿದವನು. ಚಹಾಕ್ಕಿಂತ ಡಬ್ಬಿಂಗ್‌ಗೇ ಜಾಸ್ತಿ ಖರ್ಚಾಯಿತು.

ಪ್ರಶ್ನೆ: ಅಪ್ಪ-ಅಮ್ಮನ 1992ರ ಮದುವೆ ಕ್ಯಾಸೆಟ್ ನನ್ನ ಚಿತ್ರದಲ್ಲಿ ಬಳಸಬೇಕು. ವಿಡಿಯೊ ತೆಗೆದವರ ಅನುಮತಿ ಬೇಕಾ?
– ಓದುಗರು, ಮಡಗಾಂವ್, ಗೋವಾ

ಉತ್ತರ: ದುಡ್ಡು ಕೊಟ್ಟು ಮಾಡಿಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ಮೊದಲ ಮಾಲೀಕರು ಮಾಡಿಸಿದವರೇ. 17ನೇ ಸೆಕ್ಷನ್ ಹಾಗೆ ಹೇಳುತ್ತದೆ. ಹಾಗಾಗಿ ಅಂದು ದುಡ್ಡು ಕೊಟ್ಟವರನ್ನು ಕೇಳಿ, ಬಹುಶಃ ಅಜ್ಜನನ್ನೇ. ಆದರೆ ಧಾರೆಯ ಹೊತ್ತಿಗೆ ಮೇಲೆ ಯಾವುದೋ ಸಿನಿಮಾ ಹಾಡು ಸೇರಿಸಿರುತ್ತಾರಲ್ಲ, ಅದು ನಿಮ್ಮದಲ್ಲ. ಆ ಧ್ವನಿ ಪೂರ್ತಿ ತೆಗೆದುಬಿಡಿ. ಸೋದರತ್ತೆಗೆ ಹಳೆಯ ಸೋಬಾನೆ ಪದ ಬರುತ್ತಿದ್ದರೆ ಹಾಡಿಸಿ, ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಫ್ಯಾನ್ ಮಾತ್ರ ಆರಿಸಿ.