ಬೆನ್ನುಮಣಿ ಎಂಆರ್‌ಐ: ಮೆಟಾಸ್ಟಾಸಿಸೋ, ಮೈಲೋಮಾನೋ?

ಗದಗಿನಿಂದ ಕೇಳೀರಿ: ತಂದೆಯವರ (64) ರಿಪೋರ್ಟಿನಾಗ ಡಿ11 (ಎದೆಭಾಗದ 11ನೇ), ಎಲ್2 (ಸೊಂಟದ 2ನೇ) ಮಣಿಗೆ ‘ಮೆಟಾಸ್ಟಾಸಿಸ್ ಅಥವಾ ಮೈಲೋಮಾ’ ಅಂತ ಬರದಾರ, ಯಾವುದು ಅಂತ ಎಂಆರ್‌ಐ ಮ್ಯಾಲೇ ಹೇಳಬಹುದಾ ಅಂತ. ಮೆಟಾಸ್ಟಾಸಿಸ್ ಅಂದ್ರ ಬ್ಯಾರೆ ಅಂಗದಿಂದ ಹಬ್ಬಿ ಬಂದ ಕ್ಯಾನ್ಸರ್; ಮೈಲೋಮಾ ಅಂದ್ರ ಎಲುಬಿನ ಮಜ್ಜೆಯೊಳಗ ಹುಟ್ಟೂ ಕ್ಯಾನ್ಸರ್. ಖಾತ್ರಿಯಾಗಿ ಹೇಳಲಿಕ್ಕೆ ಬರೂದಿಲ್ರಿ, ಸುಳಿವು ಸಿಗತಾವ.

ಟಿ1 ಚಿತ್ರದಾಗ (ಕೊಬ್ಬು ಬೆಳ್ಳಗ ಕಾಣೂ ಎಂಆರ್‌ಐ ಬಗೆ) ಮಣಿಯೊಳಗಿನ ಮಜ್ಜೆ ಪಕ್ಕದ ಡಿಸ್ಕಿಗಿಂತ ಕಪ್ಪಿದ್ದರ, ಕೊಬ್ಬಿನ ಜಾಗ ಬ್ಯಾರೆ ಏನೋ ಹಿಡದೈತಿ ಅಂತ ಅರ್ಥ. ಎರಡರಾಗೂ ಅದು ಹಂಗ ಕಾಣತೈತಿ. ಹಿಂದಿನ ಪೆಡಿಕಲ್ಲಿಗೂ (ಮಣಿಯ ಮುಂಭಾಗವನ್ನ ಹಿಂಭಾಗಕ್ಕ ಜೋಡಿಸೂ ಎಲುಬು) ಹಬ್ಬಿದ್ದರ ಸಂಶಯ ಮೆಟಾಸ್ಟಾಸಿಸ್ ಕಡೆ ವಾಲತೈತಿ. ಮೈಲೋಮಾ ಶುರುವಿಗೆ ಪೆಡಿಕಲ್ ಬಿಡೂದು ಹೆಚ್ಚು. ಅದರಾಗ ಉಪ್ಪು-ಮೆಣಸು ಚೆಲ್ಲಿದಂಗ ಸಣ್ಣ ಚುಕ್ಕಿ ಇರಬಹುದು, ಮಜ್ಜೆ ನಾರ್ಮಲ್ ಕಾಣಲೂಬಹುದು. ಇನ್ನೊಂದು ಸಾಧ್ಯತೆ ಲಿಂಫೋಮಾ (ದುಗ್ಧರಸ ಕಣಗಳ ಕ್ಯಾನ್ಸರ್); ಅದು ಎಲುಬಿನ ಹೊರಪದರ ಅಷ್ಟು ಕೆಡಿಸದೇ ನರಚೀಲದ ಸುತ್ತ ಮೆತ್ತಿಕೊಳ್ಳತೈತಿ. ಡಿಸ್ಕ್ ಹಾಳಾಗಿ, ಅದರ ಮ್ಯಾಲಿನ-ಕೆಳಗಿನ ಮಣಿ ಎರಡೂ ಸವೆದು, ಪಕ್ಕಕ್ಕ ಕೀವು ತುಂಬಿದ್ದರ ಟಿಬಿ ಮರೀಬ್ಯಾಡ್ರಿ. ಕ್ಯಾನ್ಸರ್ ಸಾಮಾನ್ಯವಾಗಿ ಡಿಸ್ಕ್ ಮುಟ್ಟೂದಿಲ್ಲ.

ಈಗ ಡಾಕ್ಟರಿಗೆ ಕೇಳಬೇಕಾದ್ದು: ಸೀರಮ್ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್, ಫ್ರೀ ಲೈಟ್ ಚೈನ್ (ಎರಡೂ ಮೈಲೋಮಾದ ಪ್ರೋಟೀನ್ ಹುಡುಕೂ ರಕ್ತಪರೀಕ್ಷೆ), ಕ್ಯಾಲ್ಸಿಯಂ, ಕ್ರಿಯಾಟಿನಿನ್, ಹಿಮೋಗ್ಲೋಬಿನ್; ಗಂಡಸರಾದ್ದರಿಂದ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ). ಕೊನೇ ತೀರ್ಪು ಮಾತ್ರ ಬಯಾಪ್ಸಿದು (ಸಣ್ಣ ತುಣುಕು ತಗದು ನೋಡೂ ಪರೀಕ್ಷೆ). ಹುಬ್ಬಳ್ಳಿಗೆ ತೋರಿಸಲಿಕ್ಕೆ ಬರುವಾಗ ಫಿಲ್ಮ್ ಅಷ್ಟ ಅಲ್ಲ, ಸಿಡಿನೂ ತರ್ರಿ; ಫಿಲ್ಮಿನಾಗ ಎಲ್ಲಾ ಸ್ಲೈಸ್ ಇರೂದಿಲ್ಲ.

ಕಾಲಿನ ಶಕ್ತಿ ಕಡಿಮಿ ಆದರ, ಮೂತ್ರ ಕಟ್ಟಿದರ ಅಪಾಯಿಂಟ್‌ಮೆಂಟ್ ಕಾಯಬ್ಯಾಡ್ರಿ. ಅವತ್ತೇ ತುರ್ತು ವಿಭಾಗಕ್ಕ ಕರಕೊಂಡು ಹೋಗ್ರಿ.